ವೀಸಾ ಸಿಕ್ಕಿತು, ಆಸ್ಪತ್ರೆಯ ಖರ್ಚು ಯಾರದು?



ನಮ್ಮ ಸಂಘದ ಕಚೇರಿಗೆ ಗೊಬ್ಬರದ ಸಾಲ, ಬೆಳೆ ಸಾಲ, ಅಡಿಕೆ ದಾಸ್ತಾನಿನ ಮೇಲಿನ ಮುಂಗಡ ಇವುಗಳಿಗೆ ಅರ್ಜಿ ಬರುವುದು ಮಾಮೂಲು. ಈಚೆಗೆ ಇನ್ನೊಂದು ಬಗೆಯ ಕೋರಿಕೆಯೂ ಬರತೊಡಗಿದೆ. "ಮಗ ಕರೆಸಿಕೊಳ್ಳುತ್ತಿದ್ದಾನೆ, ವೀಸಾಕ್ಕೆ ಠೇವಣಿಯ ದೃಢೀಕರಣ ಪತ್ರ ಬೇಕು ಸೆಕ್ರೆಟರಿಗಳೇ" ಎಂದು ಕೇಳಿಕೊಂಡು ಬರುವ ಹಿರಿಯ ಸದಸ್ಯರು ಹೆಚ್ಚುತ್ತಿದ್ದಾರೆ. ಪತ್ರ ಬರೆದುಕೊಡುವುದು ಸುಲಭದ ಕೆಲಸ. ಆದರೆ ಪ್ರತಿ ಸಲ ಪತ್ರ ಬರೆಯುವಾಗಲೂ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಅಲ್ಲಿ ಕಾಯಿಲೆ ಬಿದ್ದರೆ ಖರ್ಚು ಯಾರದು?" ಹತ್ತರಲ್ಲಿ ಎಂಟು ಜನ "ವೀಸಾ ಕೊಟ್ಟ ಮೇಲೆ ಅದಕ್ಕೊಂದು ವ್ಯವಸ್ಥೆ ಇದ್ದೇ ಇರುತ್ತದಲ್ಲ" ಎನ್ನುತ್ತಾರೆ.

ಇರುವುದಿಲ್ಲ. ಅದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ.

ಈ ಪ್ರಶ್ನೆಯನ್ನು ನಾನು ಕೇಳುವುದಕ್ಕೆ ಕಾರಣವಿದೆ. ಅದನ್ನು ಮುಚ್ಚಿಡುವುದಿಲ್ಲ. 2016ರಲ್ಲಿ ನನ್ನ ಅಕ್ಕ ಮತ್ತು ಭಾವನವರು ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಟರು. ಪ್ರವಾಸ ವಿಮೆಯ ಫಾರಂ ತುಂಬಿದವನು ನಾನೇ. "ಈಗಾಗಲೇ ಇರುವ ಕಾಯಿಲೆಗಳು" ಎಂಬ ಕಲಮಿಗೆ ಬಂದಾಗ ಭಾವನವರು, "ಬಿ.ಪಿ. ಒಂದು ಕಾಯಿಲೆಯೇನಯ್ಯಾ, ಹತ್ತು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗುತ್ತೇನೆ ಅಷ್ಟೆ" ಎಂದು ನಕ್ಕರು. ನಾನು "ಇಲ್ಲ" ಎಂದು ಬರೆದೆ. ಹೋದ ನಾಲ್ಕನೆಯ ತಿಂಗಳಲ್ಲಿ ಅವರಿಗೆ ಎದೆನೋವು ಬಂತು. ಜೀವ ಉಳಿಯಿತು. ಆದರೆ ವಿಮಾ ಕಂಪನಿಯವರು ಹಳೆಯ ಕಾಯಿಲೆಯನ್ನು ತಿಳಿಸಿಲ್ಲವೆಂದು ಹಣ ಕೊಡಲಿಲ್ಲ. ಅಳಿಯ ಏನೂ ಮಾತಾಡದೆ ಆಸ್ಪತ್ರೆಯ ಬಿಲ್ಲನ್ನು ಕಂತಿನಲ್ಲಿ ಕಟ್ಟತೊಡಗಿದ. ಅಳಿಯನ ಹಣದಲ್ಲಿ ಜೀವ ಉಳಿಸಿಕೊಂಡೆನೆಂಬುದು ಭಾವನವರಿಗೆ ಸಹಿಸಲಾಗಲಿಲ್ಲ. ಊರಿಗೆ ಬಂದವರೇ ಎರಡು ವರ್ಷದ ಅಡಿಕೆ ಮತ್ತು ಕಾಳುಮೆಣಸಿನ ಹಣವನ್ನು ಬ್ಯಾಂಕಿನ ಮೂಲಕ ಅವನಿಗೆ ಕಳುಹಿಸಿದರು. ನನ್ನನ್ನು ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲಾ ಓದಿ ಟಿಪ್ಪಣಿ ಮಾಡಿಕೊಂಡು ಬಂದಿದ್ದೇನೆ.

ಎರಡು ಬಾಗಿಲುಗಳು

ವಯಸ್ಸಾದವನು ಪರದೇಶದಲ್ಲಿ ಹೋಗಿ ನೆಲೆಸಬೇಕಾದರೆ ಎರಡು ಬಾಗಿಲು ದಾಟಬೇಕು. ಒಂದು, ಆ ದೇಶದ ಸರಕಾರದ ಬಾಗಿಲು, ಅಂದರೆ ವೀಸಾ. ಇನ್ನೊಂದು, ವಿಮಾ ಕಂಪನಿಯ ಬಾಗಿಲು. ಇವೆರಡೂ ತದ್ವಿರುದ್ಧವಾಗಿ ತೆರೆಯುತ್ತವೆ. ನಿವೃತ್ತರ ವೀಸಾ ಸಿಗುವುದೇ ಐವತ್ತು, ಐವತ್ತೈದು ದಾಟಿದ ಮೇಲೆ. ವಿಮೆಯ ಬಾಗಿಲಾದರೋ ವಯಸ್ಸು ಹೆಚ್ಚಿದಂತೆಲ್ಲಾ ಮುಚ್ಚುತ್ತಾ ಬರುತ್ತದೆ. ಎಪ್ಪತ್ತು, ಎಪ್ಪತ್ತೈದರ ನಂತರ ಮೊದಲ ಬಾರಿಗೆ ಪಾಲಿಸಿ ಕೇಳಿದವರಿಗೆ ಅದು ಸಿಗುವುದೇ ಕಷ್ಟ. ಮೊದಲನೆಯ ಬಾಗಿಲು ದಾಟಿದವನು ಎರಡನೆಯದರ ಮುಂದೆ ನಿಂತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡಿನ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ನಮ್ಮವರು ಅಲ್ಲಿಗೆ ಹೋಗಿ ನೆಲೆಸುವುದು ಕಡಿಮೆ. ಆದರೂ ಅಲ್ಲಿ ನಡೆದದ್ದನ್ನು ತಿಳಿದರೆ ಬೇರೆ ದೇಶಗಳ ನಿಯಮ ತಾನಾಗಿ ಅರ್ಥವಾಗುತ್ತದೆ.

ಥಾಯ್ಲೆಂಡಿನ ಪಾಠ

ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳ ಸಾವಿರಾರು ನಿವೃತ್ತರು ಹಲವು ದಶಕಗಳಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್, ಪಟ್ಟಾಯ, ಹುವಾ ಹಿನ್ ಮೊದಲಾದ ಊರುಗಳಲ್ಲಿ ನೆಲೆಸುತ್ತಾ ಬಂದಿದ್ದಾರೆ. ಚಳಿ ಇಲ್ಲ, ಜೀವನ ವೆಚ್ಚ ಕಡಿಮೆ, ಆಸ್ಪತ್ರೆಗಳು ಚೆನ್ನಾಗಿವೆ. ನಿಯಮವೂ ಸರಳವಾಗಿತ್ತು. ವಯಸ್ಸು 50 ತುಂಬಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ (ಬಾತ್ ಎಂಬುದು ಅಲ್ಲಿಯ ನಾಣ್ಯ, ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಮೇಲೆ) ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ಇರಬೇಕು. ಪೊಲೀಸರ ಸನ್ನಡತೆ ಪತ್ರ ಬೇಕು; ಕುಷ್ಠ, ಕ್ಷಯ, ಆನೆಕಾಲು ಮುಂತಾದ ಕಾಯಿಲೆಗಳಿಲ್ಲವೆಂಬ ವೈದ್ಯರ ಪತ್ರ ಬೇಕು. ಅಲ್ಲಿ ಯಾವ ಉದ್ಯೋಗವನ್ನೂ ಮಾಡಕೂಡದು. ಪ್ರತಿ 90 ದಿನಗಳಿಗೊಮ್ಮೆ ತನ್ನ ವಿಳಾಸವನ್ನು ವಲಸೆ ಕಚೇರಿಗೆ ತಿಳಿಸತಕ್ಕದ್ದು. ಸ್ವದೇಶದಲ್ಲೇ ಅರ್ಜಿ ಹಾಕಿ ಪಡೆಯುವ ಈ ವೀಸಾಕ್ಕೆ ಒ-ಎ ವರ್ಗವೆಂದು ಹೆಸರು. ವರ್ಷವರ್ಷವೂ ಅವಧಿಯನ್ನು ಮುಂದುವರಿಸಿಕೊಳ್ಳಬಹುದು.

ಈ ಪಟ್ಟಿಯಲ್ಲಿ ವಿಮೆಯ ಮಾತೇ ಇರಲಿಲ್ಲ. ಥಾಯ್ಲೆಂಡ್ ತನ್ನ ಪ್ರಜೆಗಳಿಗೆ 2002ರಿಂದ ಸಾರ್ವತ್ರಿಕ ಆರೋಗ್ಯ ಯೋಜನೆಯನ್ನು ನಡೆಸುತ್ತಿದೆ. ಮೊದಮೊದಲು ಒಂದು ಸಲಕ್ಕೆ 30 ಬಾತ್ ಕೊಟ್ಟರೆ ಚಿಕಿತ್ಸೆ ಸಿಗುತ್ತಿದ್ದುದರಿಂದ ಅದು "30 ಬಾತ್ ಯೋಜನೆ" ಎಂದೇ ಹೆಸರಾಯಿತು. ಆದರೆ ಅದು ಅಲ್ಲಿಯ ಪ್ರಜೆಗಳಿಗೆ. ನಿವೃತ್ತನಾಗಿ ಬಂದ ಪರದೇಶಿಗೆ ಅದರಲ್ಲಿ ಪಾಲಿಲ್ಲ. ಆತ ಸರಕಾರಿ ಆಸ್ಪತ್ರೆಗೆ ಸೇರಿ ಹಣ ಕಟ್ಟದೇ ಹೋದರೆ ನಷ್ಟ ಆಸ್ಪತ್ರೆಯದು. ಹೀಗೆ ಬಾಕಿ ನಿಂತ ಬಿಲ್ಲುಗಳ ಹೊರೆಯನ್ನೇ ಕಾರಣವಾಗಿ ಮುಂದಿಟ್ಟು ಅಲ್ಲಿಯ ಸರಕಾರ 2019ರ ಅಕ್ಟೋಬರ್ 31ರಿಂದ ಒ-ಎ ವೀಸಾದವರಿಗೆ ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿತು. ಹೊರರೋಗಿ ಚಿಕಿತ್ಸೆಗೆ ಕನಿಷ್ಠ 40,000 ಬಾತ್, ಒಳರೋಗಿ ಚಿಕಿತ್ಸೆಗೆ ಕನಿಷ್ಠ 4 ಲಕ್ಷ ಬಾತ್ ಮೊತ್ತದ ವಿಮೆ ಇರತಕ್ಕದ್ದೆಂದು ವಿಧಿಸಲಾಯಿತು. ಕೋವಿಡ್ ಬಂದ ಮೇಲೆ, 2021ರಲ್ಲಿ, ಈ ಮೊತ್ತವನ್ನು 30 ಲಕ್ಷ ಬಾತಿಗೆ, ಅಂದರೆ ಸುಮಾರು 1 ಲಕ್ಷ ಡಾಲರಿಗೆ ಏರಿಸಲಾಯಿತು.

ಸರಕಾರದ ದೃಷ್ಟಿಯಿಂದ ಇದು ನ್ಯಾಯವಾದ ನಿಯಮವೇ. ತನ್ನ ಪ್ರಜೆಗಳ ತೆರಿಗೆಯಲ್ಲಿ ನಡೆಯುವ ಆಸ್ಪತ್ರೆಯನ್ನು ಪರರ ಬಾಕಿಯಿಂದ ಕಾಪಾಡಿಕೊಳ್ಳುವುದು ತಪ್ಪಲ್ಲ. ಪೆಟ್ಟು ಬಿದ್ದುದು ಹತ್ತು ಹದಿನೈದು ವರ್ಷಗಳಿಂದ ಅಲ್ಲಿಯೇ ಇದ್ದವರಿಗೆ. ಐವತ್ತೆಂಟಕ್ಕೆ ಹೋದವನಿಗೆ ಆಗ ಎಪ್ಪತ್ತೈದು ಆಗಿದೆ. ಊರಿನ ಮನೆಯನ್ನು ಮಾರಿದ್ದಾಗಿದೆ. ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಸೇರಿಕೊಂಡಿದೆ. ಆ ವಯಸ್ಸಿನಲ್ಲಿ ಹೊಸದಾಗಿ ವಿಮೆ ಕೇಳಿದರೆ ಕೆಲವು ಕಂಪನಿಗಳು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಕಂಪನಿಗಳು ಯಾವ ಕಾಯಿಲೆ ಇದೆಯೋ ಅದನ್ನೇ ಬಿಟ್ಟು ಪಾಲಿಸಿ ಕೊಟ್ಟವು. ವರ್ಷವರ್ಷವೂ ಕಂತು ಕಟ್ಟಬೇಕು, ಬೇಕಾದ ಕಾಯಿಲೆಗೆ ಹಣ ಬಾರದು!

ಇನ್ನೊಂದು ಸಂಗತಿ ಗಮನಿಸತಕ್ಕದ್ದು. ಅದೇ ನಿವೃತ್ತಿಯ ಉದ್ದೇಶಕ್ಕೆ, ಅದೇ 8 ಲಕ್ಷ ಬಾತ್ ಠೇವಣಿಯ ಮೇಲೆ, ಒ ಎಂಬ ಬೇರೊಂದು ವರ್ಗದ ವೀಸಾದಲ್ಲಿದ್ದವರಿಗೆ ವಾರ್ಷಿಕ ವಿಸ್ತರಣೆಗೆ ಈ ವಿಮೆಯ ಷರತ್ತು ಬರಲಿಲ್ಲ. ಅಕ್ಕಪಕ್ಕದ ಮನೆಯ ಇಬ್ಬರು ಮುದುಕರು. ಒಬ್ಬನಿಗೆ ವಿಮೆ ಕಡ್ಡಾಯ, ಇನ್ನೊಬ್ಬನಿಗೆ ಅಲ್ಲ. ವ್ಯತ್ಯಾಸವಿದ್ದುದು ಆರೋಗ್ಯದಲ್ಲಲ್ಲ, ಪಾಸ್‌ಪೋರ್ಟಿನ ಮೊಹರಿನಲ್ಲಿ. ಹಲವರು ದೇಶ ಬಿಟ್ಟುಹೋಗಿ, ಹೊಸ ವರ್ಗದ ವೀಸಾ ಪಡೆದು ತಿರುಗಿ ಬಂದರು. ಕೆಲವರು ಇಳಿವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿ ಸ್ವದೇಶಕ್ಕೆ ಮರಳಿದರು.

ಹಣವಂತರಿಗೆ ಮಾತ್ರ ಮೂರನೆಯ ಬಾಗಿಲೊಂದಿದೆ. 2022ರ ಸೆಪ್ಟೆಂಬರಿನಿಂದ ಥಾಯ್ಲೆಂಡ್ ಹತ್ತು ವರ್ಷದ ದೀರ್ಘಾವಧಿ ವೀಸಾವನ್ನು ಜಾರಿಗೆ ತಂದಿತು. ಅದರಲ್ಲಿ 50 ದಾಟಿದ, ವರ್ಷಕ್ಕೆ 80,000 ಡಾಲರ್ ಪಿಂಚಣಿ ಅಥವಾ ಅಂಥ ಸ್ಥಿರ ವರಮಾನವಿರುವ ನಿವೃತ್ತರಿಗೊಂದು ವಿಭಾಗವಿದೆ. ಅವರು 50,000 ಡಾಲರಿನ ವಿಮೆ ತೋರಿಸಬೇಕು. ವಿಮೆ ಸಿಗದಿದ್ದರೆ 1 ಲಕ್ಷ ಡಾಲರ್ ಬ್ಯಾಂಕಿನಲ್ಲಿಟ್ಟು ತೋರಿಸಿದರೂ ಆಗುತ್ತದೆ. ಅಂದರೆ, ವಿಮಾ ಕಂಪನಿ ಬೇಡವೆಂದವನಿಗೆ ಉಳಿದದ್ದು ಸ್ವಂತ ಗಂಟು ಮಾತ್ರ.

ಇದರಿಂದ ತಿಳಿಯಬೇಕಾದ್ದು ಇಷ್ಟು. ಒಂದು, ಇಂದು ಇಲ್ಲದ ನಿಯಮ ನಾಳೆ ಬರಬಹುದು. ನಾವು ಅಲ್ಲಿ ನೆಲೆಸಿಯಾದ ಮೇಲೂ ಬರಬಹುದು. ಎರಡು, ನಿಯಮ ಕೇಳುವುದು ನಮ್ಮ ದೇಹಸ್ಥಿತಿಯನ್ನಲ್ಲ, ವೀಸಾದ ವರ್ಗವನ್ನು. ಮೂರು, ವಿಮೆ ಬೇಕಾಗುವ ಹೊತ್ತಿಗೆ ವಿಮೆ ಸಿಗುವುದಿಲ್ಲ. ಮಳೆ ಹಿಡಿದು ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ದ್ರಾವಣ ಹೊಡೆದು ಪ್ರಯೋಜನವಿಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮಕ್ಕಳಿರುವ ದೇಶಗಳು

ಇನ್ನು ನಮ್ಮ ಸದಸ್ಯರು ನಿಜವಾಗಿ ಹೋಗುವ ದೇಶಗಳನ್ನು ನೋಡೋಣ. ಇಲ್ಲಿ ವೀಸಾ ಸಿಗುವುದು ನಮ್ಮ ನಿವೃತ್ತಿಯ ಹಣದ ಮೇಲಲ್ಲ, ಮಕ್ಕಳ ಸಂಬಂಧದ ಮೇಲೆ. ಆದರೆ ವಿಮೆಯ ಪ್ರಶ್ನೆ ಅದೇ.

ಕೆನಡಾ: ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿ ಕೆನಡಾ 2011ರ ಡಿಸೆಂಬರಿನಲ್ಲಿ "ಸೂಪರ್ ವೀಸಾ" ಎಂಬುದನ್ನು ಆರಂಭಿಸಿತು. 2022ರ ಜುಲೈಯಿಂದ ಇದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೆ ಇರಬಹುದು. ಕರೆಸಿಕೊಳ್ಳುವ ಮಗ ಅಥವಾ ಮಗಳು ಅಲ್ಲಿಯ ಪ್ರಜೆಯೋ ಕಾಯಂ ನಿವಾಸಿಯೋ ಆಗಿದ್ದು, ಕುಟುಂಬದ ಗಾತ್ರಕ್ಕೆ ತಕ್ಕಂತೆ ಗೊತ್ತುಪಡಿಸಿದ ವರಮಾನ ಹೊಂದಿರಬೇಕು. ಹೋಗುವವರು ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ, ಕನಿಷ್ಠ ಒಂದು ವರ್ಷ ಊರ್ಜಿತವಿರುವ ಆರೋಗ್ಯ ವಿಮೆಯನ್ನು ತೋರಿಸಬೇಕು. ಮೊದಲು ಕೆನಡಾದ ಕಂಪನಿಯದೇ ಆಗಬೇಕಿತ್ತು. 2025ರ ಜನವರಿ 28ರಿಂದ ಅಲ್ಲಿಯ ನಿಯಂತ್ರಕರ ಅನುಮತಿ ಪಡೆದ ಹೊರದೇಶದ ಕಂಪನಿಗಳದೂ ನಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ರಕ್ಷಣೆ ಕೊಡುವುದಿದ್ದರೆ ಅದು "ಸ್ಥಿರ"ವಾಗಿರಬೇಕೆಂಬ ಷರತ್ತು ಇರುತ್ತದೆ. ಅಂದರೆ, ವಿಮೆ ಆರಂಭವಾಗುವುದಕ್ಕೆ ಹಿಂದಿನ ಇಂತಿಷ್ಟು ದಿನಗಳಲ್ಲಿ, ಸಾಮಾನ್ಯವಾಗಿ 90 ಅಥವಾ 180 ದಿನಗಳಲ್ಲಿ, ಆ ಕಾಯಿಲೆಯ ಮಾತ್ರೆ ಬದಲಾಗಿರಬಾರದು, ಪ್ರಮಾಣ ಹೆಚ್ಚುಕಡಿಮೆ ಆಗಿರಬಾರದು. ನಮ್ಮವರು ಮಾಡುವುದೇನು? ಹೊರಡುವ ತಿಂಗಳು ಪೇಟೆಗೆ ಹೋಗಿ ಪೂರ್ತಿ ತಪಾಸಣೆ ಮಾಡಿಸಿ, ಮಾತ್ರೆ ಬದಲಿಸಿಕೊಂಡು ವಿಮಾನ ಹತ್ತುತ್ತಾರೆ. ಅಲ್ಲಿಗೆ ಆ ಕಾಯಿಲೆಯ ಮಟ್ಟಿಗೆ ವಿಮೆ ಇದ್ದೂ ಇಲ್ಲದಂತೆ. ಆದುದರಿಂದ ತಪಾಸಣೆಯನ್ನು ಏಳೆಂಟು ತಿಂಗಳು ಮೊದಲೇ ಮಾಡಿಸಿಕೊಳ್ಳುವುದು ಲೇಸು. ಅದಾಗ್ಯೂ ನಡುವೆ ವೈದ್ಯರು ಮಾತ್ರೆ ಬದಲಿಸಬೇಕೆಂದರೆ ಬದಲಿಸತಕ್ಕದ್ದೇ. ಪ್ರಯಾಣವನ್ನು ಮುಂದೂಡಬಹುದು, ಆರೋಗ್ಯವನ್ನಲ್ಲ.

ಅಮೆರಿಕ: ಸಂದರ್ಶಕರಾಗಿ ಹೋಗುವವರಿಗೆ ವಿಮೆ ಇರಲೇಬೇಕೆಂಬ ಕಾನೂನು ಅಮೆರಿಕದಲ್ಲಿಲ್ಲ. ಇದನ್ನು ಅನುಕೂಲವೆಂದು ತಿಳಿಯಬಾರದು. ಕಡ್ಡಾಯವಿಲ್ಲದ ಕಡೆ ಎಚ್ಚರಿಸುವವರೂ ಇರುವುದಿಲ್ಲ. 1986ರ ಕಾನೂನಿನ ಪ್ರಕಾರ ಅಲ್ಲಿಯ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಹಣವಿಲ್ಲವೆಂದು ರೋಗಿಯನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಜೀವಾಪಾಯ ತಪ್ಪಿಸುವಷ್ಟು ಚಿಕಿತ್ಸೆ ಕೊಡಲೇಬೇಕು. ಆದರೆ ಬಿಲ್ಲು ಆಮೇಲೆ ಬಂದೇ ಬರುತ್ತದೆ. ಭಾವನವರಿಗೆ ಬಂದದ್ದು ಅಂಥದ್ದೇ.

ಮಕ್ಕಳು ಅಮೆರಿಕದ ಪ್ರಜೆಗಳಾದ ಮೇಲೆ ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸುವುದುಂಟು. ಕಾರ್ಡ್ ಬಂದ ದಿನವೇ ಹಿರಿಯರಿಗೆ ಸರಕಾರಿ ವೈದ್ಯಕೀಯ ವಿಮೆ, ಅಂದರೆ ಮೆಡಿಕೇರ್ ಸಿಗುತ್ತದೆಂದು ಅನೇಕರ ನಂಬಿಕೆ. ಹಾಗಿಲ್ಲ. ಅಲ್ಲಿ ದುಡಿದು ತೆರಿಗೆ ಕಟ್ಟದೆ ಹೀಗೆ ಹೋದವರು 65 ತುಂಬಿದ್ದು, ಸತತವಾಗಿ 5 ವರ್ಷ ಅಲ್ಲಿಯೇ ವಾಸವಾಗಿದ್ದ ಮೇಲೆ ಅದನ್ನು ಹಣ ಕೊಟ್ಟು ಕೊಳ್ಳಬಹುದು. ಆಸ್ಪತ್ರೆಗೆ ಸಂಬಂಧಿಸಿದ ಭಾಗಕ್ಕೇ 2025ರಲ್ಲಿ ಪೂರ್ಣ ಕಂತು ತಿಂಗಳಿಗೆ 500 ಡಾಲರಿಗಿಂತ ಹೆಚ್ಚಿತ್ತು. ಅಲ್ಲದೆ ಒಮ್ಮೆಲೇ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ವಾಸದ ಬಗ್ಗೆ ಪ್ರಶ್ನೆ ಏಳಬಹುದು. ಪೂರ್ವಾನುಮತಿಯಿಲ್ಲದೆ ಒಂದು ವರ್ಷ ಮೀರಿದರೆ ಕಾರ್ಡೇ ಹೋಗಬಹುದು. ಕಾಫಿ ಕೊಯ್ಲಿಗೂ ಅಡಿಕೆ ಸುಗ್ಗಿಗೂ ತಪ್ಪದೆ ಊರಿಗೆ ಬಂದು, ಮಳೆಗಾಲದಲ್ಲಿ ಮಾತ್ರ ಮಗನ ಮನೆಯಲ್ಲಿರುತ್ತೇನೆ ಎನ್ನುವವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ.

ಬ್ರಿಟನ್: ಹಣವುಳ್ಳ ನಿವೃತ್ತರಿಗೆಂದು ಇದ್ದ ವೀಸಾ ಮಾರ್ಗವನ್ನು 2008ರ ನವೆಂಬರಿನಲ್ಲಿ ಮುಚ್ಚಲಾಯಿತು. ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ನಿಯಮವನ್ನೂ 2012ರ ಜುಲೈಯಿಂದ ಬಹಳ ಬಿಗಿ ಮಾಡಿದ್ದಾರೆ. ದಿನನಿತ್ಯದ ಕೆಲಸಗಳಿಗೂ ಪರಾವಲಂಬಿಯಾಗಿದ್ದು, ಬೇಕಾದ ಆರೈಕೆ ಸ್ವದೇಶದಲ್ಲಿ ಸಿಗುವುದೇ ಇಲ್ಲವೆಂದು ಸಿದ್ಧಪಡಿಸಬೇಕು. ಸಂದರ್ಶಕರಾಗಿ ಹೋಗಿ ಆಸ್ಪತ್ರೆಗೆ ದಾಖಲಾದರೆ ಅಲ್ಲಿಯ ಸಾರ್ವಜನಿಕ ಆರೋಗ್ಯ ಸೇವೆ ತನ್ನ ದರದ ಒಂದೂವರೆ ಪಟ್ಟು ವಸೂಲು ಮಾಡುತ್ತದೆ.

ಕೊಲ್ಲಿ ದೇಶಗಳು: ಕರಾವಳಿಯ ಕಡೆ ಬಂಧುಗಳಿರುವ ಸದಸ್ಯರಿಗೆ ಇದು ಗೊತ್ತಿರುವ ವಿಷಯ. ಅಲ್ಲಿ ನೌಕರಿ ಮುಗಿದರೆ ನೌಕರಿಯ ವೀಸಾವೂ ಮುಗಿಯಿತು, ಮಾಲಿಕರು ಮಾಡಿಸಿದ ವಿಮೆಯೂ ಮುಗಿಯಿತು. ಈಗ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 55 ದಾಟಿದವರಿಗೆ 5 ವರ್ಷದ ನಿವೃತ್ತಿ ವೀಸಾ ಇದೆ; ದುಬೈ ಇದನ್ನು 2020ರಲ್ಲಿ ಆರಂಭಿಸಿತು. 10 ಲಕ್ಷ ದಿರ್ಹಮ್ ಉಳಿತಾಯ ಅಥವಾ ಅಷ್ಟು ಬೆಲೆಯ ಆಸ್ತಿ ಅಥವಾ ಗೊತ್ತುಪಡಿಸಿದ ಮಾಸಿಕ ವರಮಾನ ತೋರಿಸಬೇಕು. ಆದರೆ ಆರೋಗ್ಯ ವಿಮೆಯನ್ನು ಸ್ವಂತ ಖರ್ಚಿನಲ್ಲೇ ಮಾಡಿಸಿಕೊಳ್ಳಬೇಕು.

ಊರಿನ ರಕ್ಷಣೆ ಊರಿಗೆ ಮಾತ್ರ

ಸದಸ್ಯರಲ್ಲಿ ಅನೇಕರು "ನಮಗೆ ಯಶಸ್ವಿನಿ ಇದೆಯಲ್ಲ" ಎನ್ನುತ್ತಾರೆ. 2022ರಲ್ಲಿ ಪುನಃ ಜಾರಿಗೆ ಬಂದ ಯಶಸ್ವಿನಿ ಸಹಕಾರಿಗಳಾದ ನಮಗೆ ದೊಡ್ಡ ಆಸರೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲ ಹಿರಿಯರಿಗೂ ವಿಸ್ತರಿಸಲಾಯಿತು. ಆದರೆ ಇವೆರಡೂ ಇಲ್ಲಿಯ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ನಡೆಯತಕ್ಕವು. ನಾವು ಖಾಸಗಿಯಾಗಿ ಮಾಡಿಸುವ ಆರೋಗ್ಯ ಪಾಲಿಸಿಗಳೂ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಸೀಮಿತ.

ಹಾಗೆಂದು ಹೊರಡುವಾಗ ಇಲ್ಲಿಯ ಪಾಲಿಸಿಯನ್ನು ಬಿಟ್ಟುಬಿಡುವುದು ಅತಿ ದೊಡ್ಡ ತಪ್ಪು. "ಎರಡು ವರ್ಷ ಇಲ್ಲಿರುವುದಿಲ್ಲ, ಸುಮ್ಮನೆ ಯಾಕೆ ಕಂತು ಕಟ್ಟುವುದು" ಎಂದು ನಿಲ್ಲಿಸಿದವರು ತಿರುಗಿ ಬಂದಾಗ ಹೊಸಬರಾಗಿಬಿಡುತ್ತಾರೆ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 65 ದಾಟಿದವರಿಗೂ ಪಾಲಿಸಿಯ ಬಾಗಿಲು ತೆರೆಸಿದೆ. ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿಯನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿದೆ. ಇದು ಒಳ್ಳೆಯದೇ. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಆ ಮೂರು ವರ್ಷ ಪುನಃ ಮೊದಲಿನಿಂದ ಕಾಯುವುದೆಂದರೆ ಸಾಮಾನ್ಯವಲ್ಲ.

ತೋಟದ ವಿಷಯವೂ ಹೀಗೆಯೇ. ಅನಿವಾಸಿಯಾದವನು ತಾನು ಇಲ್ಲಿದ್ದಾಗ ಪಡೆದ ಜಮೀನನ್ನು ಉಳಿಸಿಕೊಳ್ಳಬಹುದು, ವಾರಸುದಾರಿಕೆಯಿಂದ ಪಡೆಯಲೂಬಹುದು. ಆದರೆ ಕೃಷಿ ಭೂಮಿ, ತೋಟ, ತೋಟದ ಮನೆಗಳನ್ನು ಹೊಸದಾಗಿ ಕೊಳ್ಳಲು ವಿದೇಶಿ ವಿನಿಮಯದ ಕಾನೂನು ಅವಕಾಶ ಕೊಡುವುದಿಲ್ಲ. ಮಾರಿ ಹೋದವನು ಅನಿವಾಸಿಯಾಗಿರುವಾಗಲೇ ಮನಸ್ಸು ಬದಲಿಸಿ ಒಂದೆಕರೆ ಕೊಳ್ಳೋಣವೆಂದರೆ ಆಗದು. ಊರಿನ ಮನೆ ಮಾರಿ ಚಿಯಾಂಗ್ ಮಾಯ್‌ನಲ್ಲಿ ಕುಳಿತವರ ಕಥೆ ನೆನಪಿರಲಿ.

ಹೊರಡುವ ಮುನ್ನ

1. ವೀಸಾದ ವರ್ಗ, ಒಂದು ಸಲಕ್ಕೆ ಎಷ್ಟು ಕಾಲ ಇರಬಹುದು, ವಿಮೆಯ ಷರತ್ತು ಏನು, ಈ ಮೂರನ್ನು ಮಕ್ಕಳಿಂದ ಬಾಯಿಮಾತಿನಲ್ಲಿ ಕೇಳದೆ ಬರಹದಲ್ಲಿ ತರಿಸಿಕೊಳ್ಳಿ. ನಿಯಮಗಳು ಬದಲಾಗುತ್ತವೆ, ಹೊರಡುವ ವರ್ಷದ ನಿಯಮವನ್ನೇ ನೋಡಿ.

2. ವಿಮೆಯ ಫಾರಮ್ಮಿನಲ್ಲಿ ಬಿ.ಪಿ., ಸಕ್ಕರೆ, ಹಿಂದೆ ಆದ ಶಸ್ತ್ರಚಿಕಿತ್ಸೆ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಬರೆಯಿರಿ. ಕಂತು ಹೆಚ್ಚಾದರೆ ಆಗಲಿ.

3. ಇಲ್ಲಿ ಮಾಡಿಸುವ ಪ್ರವಾಸ ವಿಮೆಯಲ್ಲಿ ಹಳೆಯ ಕಾಯಿಲೆಗೆ ಪೂರ್ಣ ರಕ್ಷಣೆ ಇರುವುದು ಅಪರೂಪ. ಬಹಳವೆಂದರೆ ಜೀವಾಪಾಯದ ತುರ್ತಿಗೆ ಒಂದು ಮಿತಿಯೊಳಗೆ ಕೊಡುತ್ತಾರೆ. ಎಷ್ಟು ದಿನಕ್ಕೆ, ಎಷ್ಟು ಮೊತ್ತಕ್ಕೆ ಎಂದು ಓದಿಸಿಕೊಂಡೇ ಸಹಿ ಹಾಕಿ.

4. ವೈದ್ಯರ ಚೀಟಿಗಳ ಪ್ರತಿ, ಮಾತ್ರೆಗಳ ಹೆಸರಿನ ಪಟ್ಟಿ, ಪಾಲಿಸಿಯ ಪ್ರತಿ ಜೊತೆಯಲ್ಲಿರಲಿ. ಇನ್ನೊಂದು ಪ್ರತಿ ಮಕ್ಕಳ ಬಳಿ ಇರಲಿ.

5. ಇಲ್ಲಿಯ ಪಾಲಿಸಿ ಮತ್ತು ಯಶಸ್ವಿನಿ ನವೀಕರಣವನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ. ಕಂತಿನ ದಿನಾಂಕವನ್ನು ಬರೆದುಕೊಟ್ಟು ಹೋಗಿ.

6. ಮೊದಲ ಸಲ ಆರು ತಿಂಗಳಿದ್ದು ಬನ್ನಿ. ತೋಟ ಮಾರುವ ಮಾತು ಆಮೇಲಾಗಲಿ.

ಮಕ್ಕಳ ಬಳಿ ಇರಬೇಕೆಂಬ ಆಸೆ ತಪ್ಪಲ್ಲ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮೊಮ್ಮಗುವನ್ನು ಎತ್ತಿಕೊಂಡ ನಾಲ್ಕು ತಿಂಗಳ ಸುಖವನ್ನು ಭಾವನವರು ಕೊನೆಯವರೆಗೂ ನೆನೆಯುತ್ತಿದ್ದರು. ಆ ಸುಖಕ್ಕೆ ಎರಡು ವರ್ಷದ ಬೆಳೆ ತೆರಬೇಕಾಗಿರಲಿಲ್ಲ. ಫಾರಮ್ಮಿನಲ್ಲಿ ಒಂದು ಪದವನ್ನು ಸರಿಯಾಗಿ ಬರೆದು, ಅದಕ್ಕೆ ತಕ್ಕ ಪಾಲಿಸಿಯನ್ನು ಹುಡುಕಿದ್ದರೆ ಅದರ ಬಹುಭಾಗ ಉಳಿಯುತ್ತಿತ್ತೇನೋ.

ಪರದೇಶಕ್ಕೆ ಹೊರಟಿರುವ ಸದಸ್ಯರು ತಮ್ಮ ವಿಮಾ ಪಾಲಿಸಿಯನ್ನು ಕಚೇರಿಗೆ ತಂದರೆ ಅದರ ಷರತ್ತುಗಳನ್ನು ಕೂತು ಕನ್ನಡದಲ್ಲಿ ಓದಿ ಹೇಳುತ್ತೇನೆ. ಸಂಘದ ವಹಿವಾಟಿನ ಹೊತ್ತು ಬಿಟ್ಟು ಸಂಜೆ ನಾಲ್ಕರ ಮೇಲೆ ಬಂದರೆ ಅನುಕೂಲ. ಫಾರಂ ತುಂಬುವುದಿದ್ದರೆ ತುಂಬಿಕೊಡುತ್ತೇನೆ. ಆದರೆ ಕಾಯಿಲೆಯ ಕಲಮಿನಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಅದಕ್ಕೆ ಯಾರೂ ಬೇಸರಿಸಬಾರದಾಗಿ ವಿನಂತಿ.

— ಕಾರ್ಯದರ್ಶಿ